ಫೋನಿನ ನಿಜವಾದ ಬೆಲೆ ಪೆಟ್ಟಿಗೆಯ ಮೇಲಿಲ್ಲ

ಮಧ್ಯಮ ವರ್ಗದ ಕುಟುಂಬವೊಂದು ಫ್ರಿಜ್ ಕೊಳ್ಳಲು ಹೊರಟರೆ ನಾಲ್ಕು ಅಂಗಡಿ ಸುತ್ತುತ್ತದೆ. ಎಷ್ಟು ನಕ್ಷತ್ರ, ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್, ಕಂಪ್ರೆಸರ್‌ಗೆ ಎಷ್ಟು ವರ್ಷದ ವಾರಂಟಿ ಎಂದು ವಿಚಾರಿಸುತ್ತದೆ. ಒಮ್ಮೆ ಮನೆಗೆ ಬಂದ ಫ್ರಿಜ್ ಹತ್ತು ಹನ್ನೆರಡು ವರ್ಷ ಅಡುಗೆಮನೆಯ ಮೂಲೆಯಲ್ಲಿ ನಿಂತು ದುಡಿಯುತ್ತದೆ. ಅದೇ ಕುಟುಂಬ ಮೊಬೈಲ್ ಫೋನ್ ಕೊಳ್ಳುವ ಬಗೆಯೇ ಬೇರೆ. ಹಬ್ಬದ ರಿಯಾಯಿತಿ, ಬ್ಯಾಂಕ್ ಕಾರ್ಡಿನ ಮೇಲಿನ ವಿನಾಯಿತಿ, ಕ್ಯಾಮೆರಾದ ಮೆಗಾಪಿಕ್ಸೆಲ್ ಸಂಖ್ಯೆ, ಮಗನ ಸ್ನೇಹಿತನ ಶಿಫಾರಸು ಇಷ್ಟರಲ್ಲೇ ತೀರ್ಮಾನ ಮುಗಿದುಹೋಗುತ್ತದೆ. ಆದರೆ ಒಂದು ಸರಳ ಲೆಕ್ಕ ನೋಡಿ. ನಾಲ್ಕು ಜನರ ಮನೆಯಲ್ಲಿ ತಲಾ 20 ಸಾವಿರ ರೂಪಾಯಿಯ ಫೋನುಗಳನ್ನು ಮೂರು ವರ್ಷಕ್ಕೊಮ್ಮೆ ಬದಲಿಸಿದರೆ ಹತ್ತು ವರ್ಷಗಳಲ್ಲಿ ಎರಡೂವರೆ ಲಕ್ಷ ರೂಪಾಯಿಗೂ ಮೀರಿ ಖರ್ಚಾಗುತ್ತದೆ. ಆ ಮನೆಯ ಫ್ರಿಜ್, ಟಿ.ವಿ., ಬಟ್ಟೆ ಒಗೆಯುವ ಯಂತ್ರ ಮೂರನ್ನೂ ಕೂಡಿಸಿದರೂ ಅಷ್ಟಾಗುವುದು ಅಪರೂಪ. ಅತಿ ಹೆಚ್ಚು ಹಣ ನುಂಗುವ ಗೃಹೋಪಯೋಗಿ ಸಾಧನವನ್ನೇ ನಾವು ಅತಿ ಕಡಿಮೆ ವಿಚಾರ ಮಾಡಿ ಕೊಳ್ಳುತ್ತಿದ್ದೇವೆ.

ಇದನ್ನು ಶೋಕಿಯ ಖರ್ಚು ಎಂದು ತಳ್ಳಿಹಾಕುವ ಕಾಲ ಹಿಂದೆ ಉಳಿಯಿತು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೇಂದ್ರ ಸಂಪರ್ಕ ಸಚಿವರಾಗಿದ್ದ ಸುಖರಾಂ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದಾಗ ಅದು ಸಿರಿವಂತರ ಸಾಧನವಾಗಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಗುವ ತನಕ ನಮಗೆ ಯಾರೋ ಮಾಡಿದ ಕರೆಗೂ ನಾವೇ ಹಣ ತೆರಬೇಕಿತ್ತು. ಇಂದಿನ ಸ್ಥಿತಿ ತದ್ವಿರುದ್ಧ. 2016ರಲ್ಲಿ ಬಂದ ಯುಪಿಐ ತರಕಾರಿ ಗಾಡಿಯವರೆಗೂ ತಲುಪಿದೆ. ನಿವೃತ್ತರು ವರ್ಷಕ್ಕೊಮ್ಮೆ ಸಲ್ಲಿಸಬೇಕಾದ ಜೀವಿತ ಪ್ರಮಾಣಪತ್ರವನ್ನು 2021ರ ನವೆಂಬರ್‌ನಿಂದ ಫೋನಿನ ಕ್ಯಾಮೆರಾಕ್ಕೆ ಮುಖ ತೋರಿಸಿ ಸಲ್ಲಿಸಬಹುದಾಗಿದೆ. ನರೇಗಾ ಕೂಲಿಕಾರರ ಹಾಜರಿಯನ್ನು 2023ರ ಜನವರಿಯಿಂದ ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸುವುದು ಕಡ್ಡಾಯವಾಯಿತು. 2025ರಲ್ಲಿ ನಮ್ಮ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆಮನೆಗೆ ಹೋದದ್ದೂ ಮೊಬೈಲ್ ಆ್ಯಪ್ ಹಿಡಿದೇ. ಪ್ರತಿಯೊಬ್ಬರ ಕೈಯಲ್ಲೂ ಕೆಲಸ ಮಾಡುವ ಫೋನ್ ಇದೆ ಎಂದು ಭಾವಿಸಿಕೊಂಡೇ ಸರ್ಕಾರ ತನ್ನ ಕಾರ್ಯವಿಧಾನಗಳನ್ನು ರೂಪಿಸುತ್ತಿದೆ. ಹೀಗಿರುವಾಗ ಯಾವ ಫೋನ್ ಕೊಳ್ಳಬೇಕು ಎಂಬುದು ಯುವಕರ ಹರಟೆಯ ವಿಷಯವಾಗಿ ಉಳಿದಿಲ್ಲ. ಅದು ಗೃಹಕೃತ್ಯದ ಪ್ರಶ್ನೆ. ಒಂದರ್ಥದಲ್ಲಿ ಪೌರತ್ವದ ಪ್ರಶ್ನೆಯೂ ಹೌದು.

ಬೆಲೆಯ ಕಡೆಯಿಂದಲೂ ಈ ಪ್ರಶ್ನೆ ತುರ್ತಿನದು. ಮೊಬೈಲ್ ಫೋನಿನ ಮೇಲಿನ ಜಿಎಸ್‌ಟಿ 2017ರಲ್ಲಿ ಶೇ 12 ಇದ್ದದ್ದು 2020ರ ಏಪ್ರಿಲ್‌ನಿಂದ ಶೇ 18 ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ದರಗಳನ್ನು ಪರಿಷ್ಕರಿಸಿದಾಗ ಹವಾನಿಯಂತ್ರಕ ಯಂತ್ರಗಳ ಮೇಲಿನ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಫೋನಿನದು ಇದ್ದಲ್ಲಿಯೇ ಉಳಿಯಿತು. 24 ಸಾವಿರ ರೂಪಾಯಿ ಕೊಟ್ಟು ಕೊಂಡ ಫೋನಿನಲ್ಲಿ ಸುಮಾರು 3,660 ರೂಪಾಯಿ ಈ ತೆರಿಗೆಯ ಪಾಲು. ಇದರ ಮೇಲೆ 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಚಿಪ್‌ಗಳ ಬೆಲೆ ಏರತೊಡಗಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗೆ ಬೇಕಾದ ದುಬಾರಿ ಮೆಮೊರಿಯತ್ತ ತಯಾರಕರು ತಮ್ಮ ಸಾಮರ್ಥ್ಯವನ್ನು ತಿರುಗಿಸಿದ್ದರಿಂದ ಸಾಮಾನ್ಯ ಫೋನುಗಳಿಗೆ ಹಾಕುವ ಚಿಪ್‌ಗಳಿಗೆ ಅಭಾವ ಉಂಟಾಯಿತು. ಈ ಏರಿಕೆಯನ್ನು ಲಕ್ಷ ರೂಪಾಯಿಯ ಫೋನ್ ಸುಲಭವಾಗಿ ಅರಗಿಸಿಕೊಳ್ಳುತ್ತದೆ. ಪೆಟ್ಟು ಬೀಳುವುದು ಲಾಭಾಂಶ ತೆಳುವಾಗಿರುವ ಅಗ್ಗದ ಮತ್ತು ಮಧ್ಯಮ ಶ್ರೇಣಿಯ ಫೋನುಗಳಿಗೆ. ಅಲ್ಲಿ ತಯಾರಕನಿಗೆ ಎರಡೇ ದಾರಿ: ಬೆಲೆ ಏರಿಸುವುದು, ಇಲ್ಲವೇ ಕಣ್ಣಿಗೆ ಕಾಣದ ಕಡೆ ಕೈ ಬಿಗಿ ಹಿಡಿಯುವುದು.

ರಾಜಿ ಎಲ್ಲಿ, ಎಷ್ಟು?

ಸುಮಾರು 15 ಸಾವಿರದಿಂದ 30 ಸಾವಿರ ರೂಪಾಯಿಯವರೆಗಿನ ಫೋನುಗಳನ್ನು ಮಧ್ಯಮ ಶ್ರೇಣಿ ಎಂದಿಟ್ಟುಕೊಳ್ಳೋಣ. ಈ ಶ್ರೇಣಿಯ ಸ್ವಭಾವವೇ ರಾಜಿ. ಎಲ್ಲವನ್ನೂ ಕೊಡಲು ಆ ಬೆಲೆಗೆ ಸಾಧ್ಯವಿಲ್ಲ. ಆದ್ದರಿಂದ ಕೊಳ್ಳುವವನು ಕೇಳಬೇಕಾದ ಪ್ರಶ್ನೆ ಇದು: ತಯಾರಕ ಎಲ್ಲಿ ರಾಜಿ ಮಾಡಿಕೊಂಡಿದ್ದಾನೆ, ಆ ರಾಜಿ ನನ್ನ ಬಳಕೆಗೆ ಒಗ್ಗುತ್ತದೆಯೇ?

ಅಂಗಡಿಯ ಗಾಜಿನ ಮೇಜಿನ ಮೇಲೆ ಫೋನ್ ಇಟ್ಟು ಐದು ನಿಮಿಷ ನೋಡಿದರೆ ತಿಳಿಯುವ ಗುಣಗಳಿವೆ. ಪರದೆಯ ಹೊಳಪು, ಹಿಂಬದಿಯ ಬಣ್ಣ, ಎಷ್ಟು ಕ್ಯಾಮೆರಾ ಕಣ್ಣುಗಳು, ಎಷ್ಟು ಬೇಗ ಚಾರ್ಜ್ ಆಗುತ್ತದೆ ಎಂಬ ಘೋಷಣೆ ಈ ಬಗೆಯವು. ಎರಡು ವರ್ಷ ಬಳಸಿದ ಮೇಲಷ್ಟೇ ತಿಳಿಯುವ ಗುಣಗಳೂ ಇವೆ. ತಂತ್ರಾಂಶದ ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ, ಬ್ಯಾಟರಿ ಎಷ್ಟು ಕಾಲ ತಾಳುತ್ತದೆ, ಒಳಗಿನ ಸಂಗ್ರಹ ಚಿಪ್ ಯಾವ ವೇಗದ್ದು, ಪರದೆ ಒಡೆದರೆ ಬದಲಿ ಪರದೆ ಸಿಗುತ್ತದೆಯೇ ಎಂಬುವು ಈ ಎರಡನೆಯ ಬಗೆಯವು. ಪೈಪೋಟಿ ತೀವ್ರವಾಗಿರುವ ಮಾರುಕಟ್ಟೆಯಲ್ಲಿ ತಯಾರಕ ಮೊದಲನೆಯ ಬಗೆಯ ಗುಣಗಳಿಗೆ ಹಣ ಸುರಿದು ಎರಡನೆಯದರಲ್ಲಿ ಉಳಿತಾಯ ಮಾಡುವುದು ಸಹಜ. ಇದರಲ್ಲಿ ದುಷ್ಟತನವನ್ನು ಹುಡುಕಬೇಕಾಗಿಲ್ಲ. ಗ್ರಾಹಕ ಯಾವುದಕ್ಕೆ ಬೆಲೆ ಕೊಡುತ್ತಾನೋ ಮಾರುಕಟ್ಟೆ ಅದನ್ನೇ ಒದಗಿಸುತ್ತದೆ.

ಕ್ಯಾಮೆರಾವನ್ನೇ ತೆಗೆದುಕೊಳ್ಳಿ. ಚಿತ್ರದ ಗುಣಮಟ್ಟವನ್ನು ನಿರ್ಧರಿಸುವುದು ಮುಖ್ಯವಾಗಿ ಸಂವೇದಕದ ಗಾತ್ರ, ಮಸೂರ, ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ ಮತ್ತು ಚಿತ್ರವನ್ನು ಸಂಸ್ಕರಿಸುವ ತಂತ್ರಾಂಶ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಮುದ್ರಣವಾಗುವುದು ಮಾತ್ರ ಮೆಗಾಪಿಕ್ಸೆಲ್ ಸಂಖ್ಯೆ. ಮೂರನೆಯ ಕಣ್ಣಾಗಿ ಅಂಟಿಸಿರುವ 2 ಮೆಗಾಪಿಕ್ಸೆಲ್‌ನ ಮ್ಯಾಕ್ರೊ ಕ್ಯಾಮೆರಾವನ್ನು ಕೊಂಡವರು ಮೊದಲ ವಾರದ ನಂತರ ತೆರೆಯುವುದೇ ವಿರಳ. ಅದರ ಬದಲು ಒಂದು ಒಳ್ಳೆಯ ಕ್ಯಾಮೆರಾ ಇರುವ ಫೋನ್ ಮೇಲು.

ಹಾಗಾದರೆ ಎಲ್ಲಿ ಉಳಿಸಬಹುದು? ದಿನವಿಡೀ ಆಟವಾಡದವರಿಗೆ ಅತಿ ವೇಗದ ಪ್ರೊಸೆಸರ್ ಬೇಕಿಲ್ಲ. ಲೋಹದ ಚೌಕಟ್ಟು, ಬಾಗಿದ ಗಾಜು, ನಿಸ್ತಂತು ಚಾರ್ಜಿಂಗ್ ಇವುಗಳಿಲ್ಲದೆ ಬದುಕು ನಡೆಯುತ್ತದೆ. ಬಾಗಿದ ಗಾಜಂತೂ ಬಿದ್ದರೆ ಒಡೆಯುವುದು ಬೇಗ, ಬದಲಿಸಲು ದುಬಾರಿ. ಎಲ್ಲಿ ಉಳಿಸಬಾರದು? ಸಂಗ್ರಹ ಸಾಮರ್ಥ್ಯದಲ್ಲಿ ಉಳಿಸಬಾರದು. ವಾಟ್ಸ್‌ಆ್ಯಪ್ ಚಿತ್ರಗಳಿಂದಲೇ ತುಂಬಿಹೋದ ಫೋನ್ ಎರಡನೇ ವರ್ಷಕ್ಕೆ ತೆವಳತೊಡಗುತ್ತದೆ. ಬ್ಯಾಟರಿಯಲ್ಲಿ ಉಳಿಸಬಾರದು. ನಮ್ಮ ರಾಜ್ಯದಲ್ಲಂತೂ ನೀರು, ದೂಳಿನಿಂದ ರಕ್ಷಣೆಯ ಪ್ರಮಾಣೀಕರಣವನ್ನು ಉಪೇಕ್ಷಿಸುವಂತಿಲ್ಲ. ಮಲೆನಾಡಿನ ಮಳೆಗೂ ಬಯಲುಸೀಮೆಯ ದೂಳಿಗೂ ಜಾಹೀರಾತಿನ ಭಾಷೆ ತಿಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಭದ್ರತಾ ಅಪ್‌ಡೇಟ್‌ನ ಅವಧಿಯಲ್ಲಿ ರಾಜಿಯಾಗಬಾರದು.

ಈ ಕೊನೆಯ ಅಂಶವನ್ನು ಸ್ವಲ್ಪ ವಿವರಿಸಬೇಕು. ಫೋನಿನ ತಂತ್ರಾಂಶದಲ್ಲಿ ಕಾಲಕಾಲಕ್ಕೆ ಲೋಪಗಳು ಪತ್ತೆಯಾಗುತ್ತಿರುತ್ತವೆ. ತಯಾರಕರು ಅವನ್ನು ಮುಚ್ಚುವ ತೇಪೆಯನ್ನು ಅಪ್‌ಡೇಟ್ ರೂಪದಲ್ಲಿ ಕಳಿಸುತ್ತಾರೆ. ಅದು ನಿಂತ ದಿನ ಫೋನ್ ನಿಲ್ಲುವುದಿಲ್ಲ. ಕರೆ ಬರುತ್ತದೆ, ಹಾಡು ಕೇಳುತ್ತದೆ. ಆದರೆ ಮನೆಯ ಹಿಂಬಾಗಿಲ ಚಿಲಕ ಸಡಿಲವಾದರೂ ಸರಿಪಡಿಸುವವರಿರುವುದಿಲ್ಲ. ಇನ್ನೂ ಕೆಲವು ವರ್ಷಗಳಿಗೆ ಒಂದೊಂದೇ ಆ್ಯಪ್ ಆ ಫೋನನ್ನು ಕೈಬಿಡುತ್ತದೆ. 2025ರ ಜನವರಿ 1ರಿಂದ ವಾಟ್ಸ್‌ಆ್ಯಪ್ ಆಂಡ್ರಾಯ್ಡ್ 4.4 ಆವೃತ್ತಿಯ ಫೋನುಗಳಲ್ಲಿ ಕೆಲಸ ನಿಲ್ಲಿಸಿತು. ಯಂತ್ರ ಗಟ್ಟಿಯಾಗಿದ್ದರೂ ಫೋನ್ ಮುದಿಯಾಗುವ ಬಗೆ ಇದು.

ಈ ವಿಷಯದಲ್ಲಿ ಒಳ್ಳೆಯ ಬದಲಾವಣೆಯೂ ಆಗಿದೆ. ಗೂಗಲ್ 2023ರಲ್ಲಿ, ಸ್ಯಾಮ್‌ಸಂಗ್ 2024ರಲ್ಲಿ ತಮ್ಮ ದುಬಾರಿ ಫೋನುಗಳಿಗೆ ಏಳು ವರ್ಷಗಳ ಅಪ್‌ಡೇಟ್ ಘೋಷಿಸಿದವು. 2024ರ ಕೊನೆ ಮತ್ತು 2025ರಲ್ಲಿ ಸ್ಯಾಮ್‌ಸಂಗ್‌ನ ಕೆಲವು ಮಧ್ಯಮ ಶ್ರೇಣಿಯ ಫೋನುಗಳಿಗೂ ಆರು ವರ್ಷಗಳ ಭರವಸೆ ಬಂತು. ಆದರೆ ಅದೇ ಬೆಲೆಗೆ ಎರಡು ಮೂರು ವರ್ಷಗಳ ಅಪ್‌ಡೇಟ್ ಮಾತ್ರ ಕೊಡುವ ಫೋನುಗಳೂ ಪಕ್ಕದಲ್ಲೇ ಮಾರಾಟವಾಗಿವೆ. ಎರಡಕ್ಕೂ ಬೆಲೆ ಒಂದೇ, ಹೊಳಪು ಒಂದೇ, ಆಯುಸ್ಸು ಮಾತ್ರ ಅರ್ಧ.

ವರ್ಷದ ಲೆಕ್ಕ

ಅರ್ಥಶಾಸ್ತ್ರದಲ್ಲಿ ದೀರ್ಘಕಾಲ ಬಾಳುವ ವಸ್ತುವಿನ ಬೆಲೆಯನ್ನು ಅದು ನೀಡುವ ಸೇವೆಯ ಅವಧಿಗೆ ಹಂಚಿ ನೋಡುವುದು ರೂಢಿ. ಎರಡು ಕಾಲ್ಪನಿಕ ಫೋನುಗಳನ್ನು ಹೋಲಿಸೋಣ. ಮೊದಲನೆಯದಕ್ಕೆ 15 ಸಾವಿರ ರೂಪಾಯಿ, ಎರಡೂವರೆ ವರ್ಷ ಬಾಳಿಕೆ. ವರ್ಷಕ್ಕೆ 6,000 ರೂಪಾಯಿ. ಎರಡನೆಯದಕ್ಕೆ 24 ಸಾವಿರ ರೂಪಾಯಿ, ನಡುವೆ ಬ್ಯಾಟರಿ ಬದಲಿಸಲು 2,500 ರೂಪಾಯಿ, ಐದು ವರ್ಷ ಬಾಳಿಕೆ. ವರ್ಷಕ್ಕೆ 5,300 ರೂಪಾಯಿ. ಮೊದಲೇ ಹೆಚ್ಚು ಹಣ ಹೂಡಿದ್ದಕ್ಕೆ ಶೇ 7ರಂತೆ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿದರೆ ಈ 700 ರೂಪಾಯಿಯ ವ್ಯತ್ಯಾಸ ಸುಮಾರು 400ಕ್ಕೆ ಇಳಿಯುತ್ತದೆ. 70 ಸಾವಿರದ ಫೋನನ್ನು ಏಳು ವರ್ಷ ಬಳಸಿದರೂ, ಬಡ್ಡಿ ಬಿಟ್ಟು, ವರ್ಷಕ್ಕೆ 10 ಸಾವಿರ ಬೀಳುತ್ತದೆ. ದುಬಾರಿಯದನ್ನು ಕೊಂಡರೆ ಕೊನೆಗೆ ಅಗ್ಗ ಎಂಬ ಮಾತು ಒಂದು ಮಿತಿಯವರೆಗೆ ಮಾತ್ರ ನಿಜ.

ಈ ಲೆಕ್ಕದಿಂದ ಎರಡು ಪಾಠಗಳಿವೆ. ಒಂದು, ಬೆಲೆಗಿಂತ ಬಾಳಿಕೆಯ ಅವಧಿ ಹೆಚ್ಚು ನಿರ್ಣಾಯಕ. 24 ಸಾವಿರದ ಫೋನನ್ನು ಮೂರೇ ವರ್ಷಕ್ಕೆ ಬದಲಿಸಿದರೆ ವರ್ಷದ ವೆಚ್ಚ 8,000 ರೂಪಾಯಿ. ಆಗ 15 ಸಾವಿರದ್ದೇ ಜಾಣತನದ ಆಯ್ಕೆ. ಕೈಜಾರಿ ಬೀಳಿಸುವ ಅಭ್ಯಾಸವಿರುವವರು, ಬಸ್ಸಿನಲ್ಲಿ ಫೋನ್ ಕಳೆದುಕೊಂಡ ಅನುಭವವಿರುವವರು, ಹೊಸದು ಬಂದ ಕೂಡಲೇ ಮನಸ್ಸು ಚಂಚಲವಾಗುವವರು ಹೆಚ್ಚು ಹಣ ಹೂಡುವುದರಲ್ಲಿ ಅರ್ಥವಿಲ್ಲ. ಎರಡು, ಬಹುಕಾಲ ಬಾಳುವ ಫೋನಿನಿಂದ ಆಗುವ ಹಣದ ಉಳಿತಾಯ ಸಣ್ಣದು. ಅದರ ನಿಜವಾದ ಲಾಭ ಬೇರೆಡೆ ಇದೆ. ಐದು ವರ್ಷವೂ ಭದ್ರತೆಯ ರಕ್ಷಣೆ, ಬ್ಯಾಂಕ್ ಆ್ಯಪ್‌ಗಳನ್ನು ಮತ್ತೆ ಮತ್ತೆ ಹೊಸ ಫೋನಿಗೆ ವರ್ಗಾಯಿಸುವ ತಲೆನೋವಿನಿಂದ ಬಿಡುಗಡೆ, ಕಸವಾಗುವ ಫೋನು ಒಂದು ಕಡಿಮೆ. ಇವಕ್ಕೆ ರೂಪಾಯಿಯಲ್ಲಿ ಬೆಲೆ ಕಟ್ಟುವುದು ಕಷ್ಟವಾದರೂ ಬೆಲೆಯಿಲ್ಲ ಎಂದೇನೂ ಅಲ್ಲ.

ಬಾಳಿಕೆಯನ್ನು ಮೊದಲು ಕುಗ್ಗಿಸುವುದು ಬ್ಯಾಟರಿ. ಲಿಥಿಯಂ ಅಯಾನ್ ಬ್ಯಾಟರಿ ಪ್ರತಿ ಬಾರಿ ಚಾರ್ಜ್ ಆದಾಗಲೂ ತುಸು ಸವೆಯುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟ ಫೋನ್, ದಿಂಬಿನ ಕೆಳಗಿಟ್ಟು ರಾತ್ರಿಯಿಡೀ ಚಾರ್ಜ್ ಮಾಡಿದ ಫೋನ್ ಇನ್ನೂ ಬೇಗ ಸವೆಯುತ್ತದೆ. ಮೂರು ವರ್ಷದ ನಂತರ ಹಲವರು ಫೋನ್ ಬದಲಿಸುವುದು ಫೋನ್ ಕೆಟ್ಟಿತೆಂದಲ್ಲ, ಬ್ಯಾಟರಿ ಸಂಜೆಯವರೆಗೆ ಬರುವುದಿಲ್ಲವೆಂದು. ಗಡಿಯಾರದ ಕೀಲಿ ತಿರುಗುತ್ತಿಲ್ಲವೆಂದು ಗಡಿಯಾರವನ್ನೇ ಎಸೆದಂತೆ ಇದು. 1961ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಸಹಯೋಗದಿಂದ ಆರಂಭವಾದ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಈಗ ಇಲ್ಲ. ಆದರೆ ಅಲ್ಲಿ ತಯಾರಾದ ಗಡಿಯಾರಗಳು ಇಂದಿಗೂ ಓಡುತ್ತಿವೆ. ಅದಕ್ಕೆ ಕಾರಣ ಲೋಹದ ಗಟ್ಟಿತನವೊಂದೇ ಅಲ್ಲ. ಬಿಚ್ಚಲು ಬರುವ ಹಾಗೆ ಅವನ್ನು ಕಟ್ಟಲಾಗಿತ್ತು, ಬಿಡಿಭಾಗ ಸಿಗುತ್ತಿತ್ತು, ಬೀದಿಯ ತಿರುವಿನಲ್ಲಿ ರಿಪೇರಿ ಮಾಡುವವನಿದ್ದ. ಇಂದಿನ ಫೋನನ್ನು ಅಂಟು ಹಾಕಿ ಮುಚ್ಚಲಾಗಿರುತ್ತದೆ. ಅಧಿಕೃತ ಸೇವಾ ಕೇಂದ್ರದಲ್ಲಿ ಪರದೆ ಬದಲಿಸಲು ಹೇಳುವ ಮೊತ್ತ ಕೇಳಿದರೆ ಮೂಗಿಗಿಂತ ಮೂಗುತಿ ಭಾರ ಎನ್ನಿಸುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಲ್ಲಿ ಕಡಿಮೆ ಹಣಕ್ಕೆ ಅದೇ ಕೆಲಸ ಮಾಡಿಕೊಡುವ ನುರಿತ ಕೈಗಳಿವೆ. ಅವರಿಗೆ ಅಸಲಿ ಬಿಡಿಭಾಗ ಸಿಗುವುದು ಕಷ್ಟ.

ಕಂತಿನ ಮಾಯೆ

ಬೆಲೆಯ ವಿವೇಚನೆಯನ್ನು ಮಂಕಾಗಿಸುವ ಇನ್ನೊಂದು ಸಂಗತಿ ಬಡ್ಡಿರಹಿತ ಕಂತು. ಸಾಲ ಕೊಡುವವನು ಬಡ್ಡಿಯನ್ನು ಬಿಟ್ಟುಕೊಡುವುದಿಲ್ಲ. ಆ ಬಡ್ಡಿಯನ್ನು ತಯಾರಕನೋ ಅಂಗಡಿಯವನೋ ತುಂಬುತ್ತಾನೆ. ಒಟ್ಟಿಗೆ ಹಣ ಕೊಟ್ಟರೆ ಸಿಗಬೇಕಾಗಿದ್ದ ರಿಯಾಯಿತಿ ನಮ್ಮ ಕೈತಪ್ಪುತ್ತದೆ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಅಸ್ತಿತ್ವದಲ್ಲಿಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಸುತ್ತೋಲೆ ಹೊರಡಿಸಿ ಬ್ಯಾಂಕುಗಳಿಗೆ ತಿಳಿಹೇಳಿತ್ತು. ಮಾತಿನ ರೂಪ ಬದಲಾಯಿತು, ಮಾರಾಟದ ತಂತ್ರ ಬದಲಾಗಲಿಲ್ಲ. 24 ಸಾವಿರ ರೂಪಾಯಿ ಎಂದಾಗ ಕೈ ಹಿಂದೆಗೆಯುವ ಗ್ರಾಹಕ ತಿಂಗಳಿಗೆ 2,000 ಎಂದಾಗ ಒಪ್ಪುತ್ತಾನೆ. ಇನ್ನು 500 ಸೇರಿಸಿದರೆ ಮೇಲಿನ ಮಾದರಿ ಸಿಗುತ್ತದೆ ಎಂದಾಗ ಅದಕ್ಕೂ ಒಪ್ಪುತ್ತಾನೆ. ಹನ್ನೆರಡು ತಿಂಗಳ ಲೆಕ್ಕದಲ್ಲಿ ಆ 500 ರೂಪಾಯಿ 6,000 ಆಗುತ್ತದೆ.

ಕಂತು ಕೆಟ್ಟದ್ದೆಂದು ನನ್ನ ವಾದವಲ್ಲ. ಒಂದೇ ಸಲಕ್ಕೆ ಹಣ ಹೊಂದಿಸಲಾಗದ ದರ್ಜಿ, ಆಟೋ ಚಾಲಕ, ಮನೆಕೆಲಸದ ಮಹಿಳೆಗೆ ಕಂತಿಲ್ಲದೆ ಬಾಳಿಕೆಯ ಫೋನ್ ಎಟುಕುವುದೇ ಇಲ್ಲ. ಹೆಚ್ಚು ಕೊಟ್ಟು ಗಟ್ಟಿಯದನ್ನು ಕೊಳ್ಳಿ ಎಂಬ ಉಪದೇಶ ಅವರಿಗೆ ಹಂಗಿಸಿದಂತೆ ಕೇಳಿಸೀತು. ವಿಪರ್ಯಾಸವೆಂದರೆ ಅವರೇ ಈ ಮಾರುಕಟ್ಟೆಯಲ್ಲಿ ವರ್ಷದ ಲೆಕ್ಕದಲ್ಲಿ ಹೆಚ್ಚು ತೆರುವವರು. ಕಂತು ತಪ್ಪಿದರೆ ಫೋನನ್ನು ದೂರದಿಂದಲೇ ನಿಷ್ಕ್ರಿಯಗೊಳಿಸುವ ಅಧಿಕಾರವನ್ನು ಸಾಲದಾತರಿಗೆ ಕೊಡಬೇಕೇ ಎಂಬ ಚರ್ಚೆ 2025ರಲ್ಲಿ ನಡೆಯಿತು. ಸಾಲ ತೀರಿಸಲು ಬೇಕಾದ ದುಡಿಮೆಯೇ ಆ ಫೋನಿನ ಮೂಲಕ ನಡೆಯುವಾಗ ಅದನ್ನು ಬಂದ್ ಮಾಡುವುದು ಒಕ್ಕಲಿಗನ ನೇಗಿಲನ್ನು ಜಪ್ತಿ ಮಾಡಿದಂತೆ ಎಂಬುದನ್ನು ನೀತಿ ರೂಪಿಸುವವರು ಮರೆಯಬಾರದು.

ಬಳಸಿದ ಫೋನು, ಮನೆಯ ಹಿರಿಯರು

ಬಳಸಿದ ಫೋನ್ ಕೊಳ್ಳುವುದು ಇನ್ನೊಂದು ದಾರಿ. ಎರಡು ವರ್ಷ ಹಳೆಯದಾದ ದುಬಾರಿ ಫೋನ್ ಹೊಸ ಮಧ್ಯಮ ಶ್ರೇಣಿಯದರ ಬೆಲೆಗೇ ಸಿಗುತ್ತದೆ. ಎಷ್ಟೋ ವೇಳೆ ಅದರಲ್ಲಿ ಇನ್ನೂ ನಾಲ್ಕೈದು ವರ್ಷದ ಅಪ್‌ಡೇಟ್ ಉಳಿದಿರುತ್ತದೆ. ಆದರೆ ಜಾರ್ಜ್ ಅಕರ್ಲಾಫ್ 1970ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಹೇಳಿದ್ದು ಇಲ್ಲಿಗೂ ಅನ್ವಯಿಸುತ್ತದೆ. ಮಾರುವವನಿಗೆ ವಸ್ತುವಿನ ದೋಷ ತಿಳಿದಿದೆ, ಕೊಳ್ಳುವವನಿಗೆ ತಿಳಿದಿಲ್ಲ. ಇಂಥ ಕಡೆ ಕೊಳ್ಳುವವನು ಅನುಮಾನದಿಂದ ಬೆಲೆ ತಗ್ಗಿಸುತ್ತಾನೆ, ಒಳ್ಳೆಯ ವಸ್ತು ಇರುವವನು ಮಾರಲು ಹಿಂಜರಿಯುತ್ತಾನೆ, ಕೊನೆಗೆ ಮಾರುಕಟ್ಟೆಯಲ್ಲಿ ಕೆಟ್ಟ ಮಾಲೇ ಉಳಿಯುತ್ತದೆ. ಈ ಒಳನೋಟಕ್ಕಾಗಿ 2001ರಲ್ಲಿ ಅವರು ನೊಬೆಲ್ ಪುರಸ್ಕಾರ ಹಂಚಿಕೊಂಡರು. ಆದ್ದರಿಂದ ಬಳಸಿದ ಫೋನನ್ನು ರಸೀದಿ ಮತ್ತು ವಾರಂಟಿ ಕೊಡುವ ಅಂಗಡಿಯಲ್ಲೇ ಕೊಳ್ಳುವುದು ಕ್ಷೇಮ. ಫೋನಿನಲ್ಲಿ *#06# ಒತ್ತಿದರೆ ಕಾಣುವ 15 ಅಂಕಿಯ ಐಎಂಇಐ ಸಂಖ್ಯೆಯನ್ನು ದೂರಸಂಪರ್ಕ ಇಲಾಖೆ 2023ರಲ್ಲಿ ತೆರೆದ ಸಂಚಾರ್ ಸಾಥಿ ಜಾಲತಾಣದಲ್ಲಿ ಪರೀಕ್ಷಿಸಿದರೆ ಅದು ಕಳವಿನ ಮಾಲೇ ಎಂಬ ಅನುಮಾನವೂ ಬಹುಮಟ್ಟಿಗೆ ಪರಿಹಾರವಾಗುತ್ತದೆ.

ನಮ್ಮ ಮನೆಗಳಲ್ಲಿ ಬಳಸಿದ ಫೋನಿನ ಇನ್ನೊಂದು ಮಾರುಕಟ್ಟೆ ಇದೆ. ಅಲ್ಲಿ ಹಣ ಕೈ ಬದಲಾಗುವುದಿಲ್ಲ. ಮಗ ಹೊಸದು ಕೊಂಡರೆ ಅವನ ಹಳೆಯದು ತಂದೆಗೆ, ತಂದೆಯದು ತಾಯಿಗೆ, ತಾಯಿಯದು ಊರಿನಲ್ಲಿರುವ ಅಜ್ಜಿಗೆ. ಮಿತವ್ಯಯದ ದೃಷ್ಟಿಯಿಂದ ಇದು ಮೆಚ್ಚತಕ್ಕ ಪದ್ಧತಿ. ಆದರೆ ಇದರ ಒಂದು ಫಲವನ್ನು ಗಮನಿಸಬೇಕು. ಅಪ್‌ಡೇಟ್ ನಿಂತುಹೋದ ಫೋನ್ ಬಂದು ಸೇರುವುದು ಮನೆಯ ಹಿರಿಯರ ಕೈಗೆ. ಪಿಂಚಣಿ ಖಾತೆ ಇರುವುದು ಅದರಲ್ಲೇ, ಠೇವಣಿಗಳ ಸಂದೇಶ ಬರುವುದು ಅದಕ್ಕೇ. ಇಂದಿನ ಸೈಬರ್ ವಂಚಕರ ಮುಖ್ಯ ಅಸ್ತ್ರ ಮಾತು ಮತ್ತು ಭಯ ಎಂಬುದು ನಿಜ. ಡಿಜಿಟಲ್ ಅರೆಸ್ಟ್ ಎಂದು ಹೆದರಿಸಿ ಹಣ ಕೀಳುವವನನ್ನು ಯಾವ ಅಪ್‌ಡೇಟ್ ತಡೆಯಲಾರದು. ಅದಕ್ಕೆ ಎಚ್ಚರವೇ ಮದ್ದು, ಮೋಸವಾದರೆ ಕೂಡಲೇ 1930ಕ್ಕೆ ಕರೆ ಮಾಡುವುದೇ ದಾರಿ. ಆದರೆ ನಕಲಿ ಆಹ್ವಾನ ಪತ್ರಿಕೆಯ ಹೆಸರಿನಲ್ಲಿ ಬರುವ ದುಷ್ಟ ಆ್ಯಪ್‌ಗಳ ಮುಂದೆ ಹಳೆಯ ತಂತ್ರಾಂಶ ಹೊಸದರಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಮನೆಯಲ್ಲಿ ಒಂದು ಹೊಸ ಫೋನ್ ಕೊಳ್ಳುವ ಶಕ್ತಿಯಿದ್ದರೆ ಅದು ಹಣಕಾಸಿನ ವ್ಯವಹಾರ ಇರುವ ಕೈಗೆ ಸೇರಬೇಕೇ, ಚೆಂದದ ಚಿತ್ರ ತೆಗೆಯುವ ಕೈಗೆ ಸೇರಬೇಕೇ ಎಂದು ಒಮ್ಮೆ ಯೋಚಿಸುವುದು ಒಳಿತು.

ಸರ್ಕಾರ ಮಾಡಬೇಕಾದದ್ದು

ಇಷ್ಟೆಲ್ಲ ಲೆಕ್ಕಾಚಾರಕ್ಕೆ ಬೇಕಾದ ಮಾಹಿತಿ ಗ್ರಾಹಕನಿಗೆ ಸಿಗಬೇಕಲ್ಲ? ಫೋನಿನ ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆ ಇದೆ, ತಯಾರಾದ ತಿಂಗಳು ಇದೆ, ತಯಾರಾದ ದೇಶ ಇದೆ. ಭದ್ರತಾ ಅಪ್‌ಡೇಟ್ ಎಂದು ಕೊನೆಗೊಳ್ಳುತ್ತದೆ ಎಂಬ ದಿನಾಂಕವನ್ನು ಮುದ್ರಿಸಲೇಬೇಕೆಂಬ ನಿಯಮವಿಲ್ಲದೆ ಈ ಫೋನುಗಳು ವರ್ಷಗಟ್ಟಲೆ ಮಾರಾಟವಾಗಿವೆ. ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ ಎಂಬುದಕ್ಕೆ ಅಂಗಡಿಯವನ ಬಳಿಯೂ ಉತ್ತರವಿರುವುದಿಲ್ಲ. ಗ್ರಾಹಕ ವಿವೇಚನೆಯಿಂದ ಕೊಳ್ಳಲಿ ಎಂದು ಹೇಳಿ ವಿವೇಚನೆಗೆ ಬೇಕಾದ ಅಂಕಿಅಂಶವನ್ನು ಬಚ್ಚಿಡುವುದು ನ್ಯಾಯವಲ್ಲ.

ಇದು ಆಗದ ಕೆಲಸವೇನಲ್ಲ. ಭದ್ರತಾ ಅಪ್‌ಡೇಟ್‌ನ ಕನಿಷ್ಠ ಅವಧಿಯನ್ನು ಬಹಿರಂಗಪಡಿಸುವುದನ್ನು ಬ್ರಿಟನ್ 2024ರ ಏಪ್ರಿಲ್ 29ರಿಂದ ಕಡ್ಡಾಯಗೊಳಿಸಿತು. ಐರೋಪ್ಯ ಒಕ್ಕೂಟ ಇನ್ನೂ ಮುಂದೆ ಹೋಯಿತು. ಅಲ್ಲಿ 2025ರ ಜೂನ್ 20ರಿಂದ ಜಾರಿಯಾದ ನಿಯಮಗಳಂತೆ ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ತಂತ್ರಾಂಶದ ಅಪ್‌ಡೇಟ್, ಏಳು ವರ್ಷ ಮುಖ್ಯ ಬಿಡಿಭಾಗ ಒದಗಿಸಬೇಕು. 800 ಬಾರಿ ಪೂರ್ಣ ಚಾರ್ಜ್ ಆದ ನಂತರವೂ ಬ್ಯಾಟರಿಯಲ್ಲಿ ಶೇ 80ರಷ್ಟು ಸಾಮರ್ಥ್ಯ ಉಳಿದಿರಬೇಕು. ದುರಸ್ತಿಯ ಸುಲಭತೆಯನ್ನು ಲೇಬಲ್ಲಿನ ಮೇಲೆ ಕಾಣಿಸಬೇಕು. ನಮ್ಮಲ್ಲಿಯೂ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಜಾಲತಾಣ ತೆರೆಯಿತು. ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ಸಾಧನಗಳಿಗೆ ದುರಸ್ತಿ ಸೂಚ್ಯಂಕ ರೂಪಿಸಲು ನೇಮಿಸಿದ್ದ ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಸಲ್ಲಿಸಿತು. ಈ ಸೂಚ್ಯಂಕ ಕಂಪನಿಗಳ ಸ್ವಯಿಚ್ಛೆಗೆ ಬಿಟ್ಟ ಅಲಂಕಾರವಾಗದೆ ಕಡ್ಡಾಯ ನಿಯಮವಾಗಬೇಕು.

ಇದರಿಂದ ಫೋನಿನ ಬೆಲೆ ಏರುತ್ತದೆ, ತಯಾರಿಕೆಗೆ ಪೆಟ್ಟು ಬೀಳುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆರು ವರ್ಷ ಅಪ್‌ಡೇಟ್ ಕೊಡಲು ಎಂಜಿನಿಯರುಗಳಿಗೆ ಸಂಬಳ ಕೊಡಬೇಕು, ಬಿಡಿಭಾಗ ದಾಸ್ತಾನಿಡಲು ಉಗ್ರಾಣ ಬೇಕು. ಅದಕ್ಕಾಗಿಯೇ ಐರೋಪ್ಯ ಮಾದರಿಯ ಎಲ್ಲ ಕಟ್ಟಳೆಗಳನ್ನೂ ಒಮ್ಮೆಗೇ ಹೇರಬೇಕೆಂದು ನಾನು ಹೇಳುವುದಿಲ್ಲ. ಎಂಟು ಸಾವಿರದ ಫೋನಿಗೂ ಏಳು ವರ್ಷದ ಬಿಡಿಭಾಗ ಕಡ್ಡಾಯ ಮಾಡಿದರೆ ಆ ಫೋನೇ ಮಾಯವಾಗಿ ಬಡವನ ಕೈ ಬರಿದಾದೀತು. ಮೊದಲ ಹೆಜ್ಜೆಯಾಗಿ ಸತ್ಯವನ್ನು ಮುದ್ರಿಸಿದರೆ ಸಾಕು. ಎರಡೇ ವರ್ಷ ಅಪ್‌ಡೇಟ್ ಕೊಡುವವನು ಎರಡೇ ವರ್ಷ ಎಂದು ಬರೆಯಲಿ; ಕೊಳ್ಳುವುದು ಬಿಡುವುದು ಗ್ರಾಹಕನಿಗೆ ಬಿಟ್ಟದ್ದು. ಸರ್ಕಾರದ ಅಂಕಿಅಂಶದಂತೆ ದೇಶದ ಮೊಬೈಲ್ ತಯಾರಿಕೆ 2014-15ರಲ್ಲಿ ಸುಮಾರು 18 ಸಾವಿರ ಕೋಟಿ ರೂಪಾಯಿ ಇದ್ದದ್ದು 2024-25ರಲ್ಲಿ 5.45 ಲಕ್ಷ ಕೋಟಿಗೆ ಬೆಳೆದಿದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ದೇವನಹಳ್ಳಿಯ ಬಳಿ ಜಗತ್ತಿನ ದುಬಾರಿ ಫೋನುಗಳು ತಯಾರಾಗುತ್ತಿವೆ. 2020ರಲ್ಲಿ ಘೋಷಿಸಿದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನಕ್ಕೆ ಸುಮಾರು 41 ಸಾವಿರ ಕೋಟಿ ರೂಪಾಯಿ ತೆಗೆದಿಡಲಾಗಿತ್ತು. ಸಾರ್ವಜನಿಕರ ತೆರಿಗೆ ಹಣದ ಆಸರೆಯಲ್ಲಿ ಬೆಳೆದ ಉದ್ಯಮ ಪೆಟ್ಟಿಗೆಯ ಮೇಲೆ ಒಂದು ಸಾಲು ಹೆಚ್ಚು ಮುದ್ರಿಸಲಾರದೇ?

ಹಿಂದಿನ ಅನುಭವವೂ ನಮ್ಮ ಪರವಾಗಿದೆ. ಇಂಧನ ದಕ್ಷತಾ ಸಂಸ್ಥೆಯ ನಕ್ಷತ್ರದ ಲೇಬಲ್ 2006ರಲ್ಲಿ ಸ್ವಯಿಚ್ಛೆಯ ಯೋಜನೆಯಾಗಿ ಆರಂಭವಾಗಿ, 2010ರಲ್ಲಿ ಹವಾನಿಯಂತ್ರಕ ಮತ್ತು ಫ್ರಾಸ್ಟ್ ಫ್ರೀ ಫ್ರಿಜ್‌ಗಳಿಗೆ ಕಡ್ಡಾಯವಾಯಿತು. ಇಂದು ಫ್ರಿಜ್ ಕೊಳ್ಳಲು ಹೋದ ಗೃಹಿಣಿ ಮೊದಲು ಕೇಳುವುದೇ ನಕ್ಷತ್ರವನ್ನು. ಆಕೆಗೆ ಯಾರೂ ಉಷ್ಣಗತಿ ಶಾಸ್ತ್ರ ಕಲಿಸಲಿಲ್ಲ. ತಿಳಿಯಬೇಕಾದದ್ದನ್ನು ಕಣ್ಣೆದುರು ಇಟ್ಟರು, ಅಷ್ಟೆ. ಫೋನಿಗೂ ಅಂಥದೊಂದು ಚೀಟಿ ಬೇಕು. ಅದು ಕನ್ನಡದಲ್ಲೂ ಇರಬೇಕು.

ಜೊತೆಗೆ ಎರಡು ಕೆಲಸಗಳಾಗಬೇಕು. ಹೊಸ ಫೋನಿಗೂ ಹಳೆಯದರ ದುರಸ್ತಿಗೂ ಒಂದೇ ಶೇ 18 ತೆರಿಗೆ ವಿಧಿಸುವುದು ಎಸೆಯುವುದಕ್ಕೆ ಪ್ರೋತ್ಸಾಹ ಕೊಟ್ಟಂತೆ. ದುರಸ್ತಿ ಮತ್ತು ಬಿಡಿಭಾಗಗಳ ಮೇಲಿನ ದರ ತಗ್ಗಬೇಕು. ಎರಡನೆಯದಾಗಿ, ಸರ್ಕಾರ ತಾನು ಕೊಳ್ಳುವಾಗ ಈ ವಿವೇಕ ತೋರಿಸಬೇಕು. ಟೆಂಡರಿನಲ್ಲಿ ಎಲ್-1, ಅಂದರೆ ಅತಿ ಕಡಿಮೆ ಬೆಲೆ ನಮೂದಿಸಿದವನಿಗೆ ಆದೇಶ ಎಂಬ ಪದ್ಧತಿಯನ್ನು ಆಡಳಿತದ ಒಳಗಿದ್ದು ಕಂಡವರಿಗೆಲ್ಲ ಅದರ ಸೌಕರ್ಯ ಗೊತ್ತು: ಲೆಕ್ಕಪರಿಶೋಧಕರು ಪ್ರಶ್ನೆ ಕೇಳುವುದಿಲ್ಲ. ಆದರೆ ಅಗ್ಗದ ಸಾಧನದ ಭಾರ ಹೊರುವವರು ಕಡತ ಮಂಡಿಸಿದವರಲ್ಲ. 2021ರಲ್ಲಿ ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು ತಮಗೆ ಕೊಟ್ಟಿದ್ದ ಫೋನುಗಳ ಮೆಮೊರಿ ಸಾಲದು, ಕೆಲಸಕ್ಕೆ ಬಾರದು ಎಂದು ಅವನ್ನು ಸಾಮೂಹಿಕವಾಗಿ ಹಿಂದಿರುಗಿಸುವ ಚಳವಳಿ ನಡೆಸಿದರು. ಕೊಳ್ಳುವ ದಿನದ ಬೆಲೆಯ ಬದಲು ಬಳಕೆಯ ಪೂರ್ಣ ಅವಧಿಯ ವೆಚ್ಚವನ್ನು ಟೆಂಡರಿನಲ್ಲಿ ತೂಗಿದ್ದರೆ ಇಂಥ ಪರಿಸ್ಥಿತಿ ಬಹುಮಟ್ಟಿಗೆ ತಪ್ಪುತ್ತಿತ್ತು.

ಕಾನೂನು ಬರುವ ತನಕ ಗ್ರಾಹಕ ಕೈಕಟ್ಟಿ ಕೂರಬೇಕಾಗಿಲ್ಲ. ಹರ್ಬರ್ಟ್ ಸೈಮನ್ ಎಂಬ ಅರ್ಥಶಾಸ್ತ್ರಜ್ಞ ಹೇಳಿದಂತೆ, ಎಲ್ಲಕ್ಕಿಂತ ಶ್ರೇಷ್ಠವಾದದ್ದನ್ನು ಹುಡುಕುತ್ತ ಬಳಲುವುದಕ್ಕಿಂತ ನಮ್ಮ ಅಗತ್ಯದ ಮಟ್ಟವನ್ನು ಮೊದಲು ಗೊತ್ತುಮಾಡಿಕೊಂಡು ಅದನ್ನು ಮುಟ್ಟುವ ಮೊದಲ ವಸ್ತುವನ್ನು ಒಪ್ಪಿಕೊಳ್ಳುವುದು ಮನುಷ್ಯನಿಗೆ ಸಾಧ್ಯವಾದ ವಿವೇಕ. ಅಂಗಡಿಗೆ ಹೋದಾಗ ಮೂರು ಪ್ರಶ್ನೆ ಕೇಳಿದರೆ ಸಾಕು. ಈ ಫೋನಿಗೆ ಭದ್ರತಾ ಅಪ್‌ಡೇಟ್ ಯಾವ ವರ್ಷದವರೆಗೆ? ಬ್ಯಾಟರಿ ಮತ್ತು ಪರದೆ ಬದಲಿಸಲು ಅಧಿಕೃತ ದರ ಎಷ್ಟು? ನಮ್ಮ ಊರಿನಲ್ಲಿ, ಕನಿಷ್ಠ ಜಿಲ್ಲಾ ಕೇಂದ್ರದಲ್ಲಿ, ಸೇವಾ ಕೇಂದ್ರ ಇದೆಯೇ? ಉತ್ತರವನ್ನು ಬರಹದಲ್ಲಿ ಕೇಳುವುದು ಇನ್ನೂ ಒಳ್ಳೆಯದು. ಮುಂದೆ ಮಾತು ತಪ್ಪಿದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಗ್ರಾಹಕ ಆಯೋಗಕ್ಕೂ ಅದೇ ಆಧಾರ. ದಿನಕ್ಕೆ ಹತ್ತು ಜನ ಈ ಮೂರು ಪ್ರಶ್ನೆ ಕೇಳತೊಡಗಿದರೆ ಅಂಗಡಿಯವನು ಕಂಪನಿಯ ಪ್ರತಿನಿಧಿಯನ್ನು ಕೇಳುತ್ತಾನೆ, ಪ್ರತಿನಿಧಿ ಮೇಲಿನವರನ್ನು ಕೇಳುತ್ತಾನೆ. ಔಷಧದ ಪಟ್ಟಿಯ ಮೇಲೆ ಅವಧಿ ಮುಗಿಯುವ ದಿನಾಂಕವನ್ನು ನೋಡಿ ಕೊಳ್ಳಲು ಕಲಿತವರು ನಾವು. ನಮ್ಮ ದುಡ್ಡು, ದಾಖಲೆ, ಪಿಂಚಣಿ ಎಲ್ಲವನ್ನೂ ಒಪ್ಪಿಸಿರುವ ಸಾಧನಕ್ಕೂ ಅಷ್ಟೇ ಸ್ಪಷ್ಟವಾದ ದಿನಾಂಕವನ್ನು ಕೇಳುವುದು ಅತಿಯಾದ ಬೇಡಿಕೆಯಲ್ಲ.